ಕೂ, ಜುಂಟಾ, ಇಂಟೆರಿಮ್: ಸರ್ಕಾರ ಉರುಳಿದ ಸುದ್ದಿಯ ಇಂಗ್ಲಿಷ್ ಓದುವುದು ಹೇಗೆ

2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಸರ್ಕಾರ ಉರುಳಿತು. ಗೋವಾದ ಹೋಟೆಲುಗಳ ಅಡುಗೆಮನೆಯಲ್ಲಿ ನೇಪಾಳದ ಹುಡುಗರು ಜಾಸ್ತಿ. ಆ ವಾರ ಅವರ ಕೈಯಿಂದ ಮೊಬೈಲ್ ಇಳಿಯಲಿಲ್ಲ. ಅವರ ಜೊತೆ ಕೆಲಸ ಮಾಡುವ ನಮ್ಮ ವಿಜಯಪುರ, ಗದಗ, ಹಾವೇರಿ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: "ಮಿಲಿಟರಿ ಬಂತೇನು?" ಮರುತಿಂಗಳು ಮಡಗಾಸ್ಕರ್‌ನಲ್ಲೂ ಅಧ್ಯಕ್ಷರು ದೇಶ ಬಿಟ್ಟು ಹೋದರು. ಅಲ್ಲೂ ಮೊದಲು ಬೀದಿಗಿಳಿದವರು ಹುಡುಗ ಹುಡುಗಿಯರೇ. ಆದರೆ ಇಂಗ್ಲಿಷ್ ಸುದ್ದಿಯಲ್ಲಿ ನೇಪಾಳದ್ದು 'ಅಪ್‌ರೈಸಿಂಗ್' ಆಯಿತು, ಮಡಗಾಸ್ಕರ್‌ನದು 'ಕೂ' ಆಯಿತು. ಯಾಕೆ ಹೀಗೆ?

ಇಂಥ ಸುದ್ದಿ ಓದುವಾಗ ಎರಡು ಪ್ರಶ್ನೆ ಕೈಯಲ್ಲಿದ್ದರೆ ಸಾಕು. ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿದ್ದು ಯಾರು? ಆಮೇಲೆ ಅದರಲ್ಲಿ ಕೂತದ್ದು ಯಾರು? ಬಹುಪಾಲು ಪದಗಳು ಈ ಎರಡು ಪ್ರಶ್ನೆಗಳ ಉತ್ತರದಿಂದಲೇ ಹುಟ್ಟುತ್ತವೆ. ಗೋವಾದಲ್ಲಿರುವ ನಮಗಂತೂ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಈ ನೆಲದ ಚರಿತ್ರೆಯಲ್ಲೇ ಅರ್ಧ ಪದಕೋಶ ಇದೆ.

## ಕೂ ಎಂದರೇನು?

ಬರೆಯುವಾಗ ಕೊನೆಗೆ 'ಪಿ' ಇರುತ್ತದೆ, ಓದುವಾಗ ಇರುವುದಿಲ್ಲ. 'ಕೂಪ್' ಅಂದರೆ ಕನ್ನಡದ ಕಿವಿಗೆ ಬಾವಿ ನೆನಪಾಗುತ್ತದೆ, ಅದು ಬೇರೆ ಮಾತು. ಪದ ಫ್ರೆಂಚ್‌ನದು. ಪೂರ್ತಿ ಹೆಸರು 'ಕೂ ದೇತಾ'. ಸರ್ಕಾರಕ್ಕೆ ಕೊಟ್ಟ ಏಟು ಎಂದು ಅರ್ಥ. ಕನ್ನಡ ಪತ್ರಿಕೆಗಳು ಸೇನಾ ದಂಗೆ ಎಂದೋ ಕ್ಷಿಪ್ರಕ್ರಾಂತಿ ಎಂದೋ ಬರೆಯುತ್ತವೆ.

ಒಂದು ಘಟನೆಯನ್ನು ಕೂ ಎನ್ನಬೇಕಾದರೆ ಅದನ್ನು ಮಾಡುವವರು ಸರ್ಕಾರಿ ವ್ಯವಸ್ಥೆಯ ಒಳಗಿನವರೇ ಆಗಿರಬೇಕು. ಸಾಮಾನ್ಯವಾಗಿ ಸೇನೆ. ಹೊರಗಿನ ದೇಶದ ಸೇನೆ ನುಗ್ಗಿದರೆ ಅದು ಇನ್ವೇಶನ್, ಕೂ ಅಲ್ಲ. ಎರಡನೆಯದು, ಕಾನೂನಿನ ದಾರಿ ಬಿಟ್ಟು ಅಧಿಕಾರ ಕಿತ್ತುಕೊಳ್ಳಬೇಕು. ಮೂರನೆಯದು ವೇಗ. ಕ್ರಾಂತಿಗೆ ತಿಂಗಳು, ವರ್ಷ ಹಿಡಿಯಬಹುದು. ಕೂ ರಾತ್ರಿ ಶುರುವಾಗಿ ಬೆಳಿಗ್ಗೆ ಮುಗಿಯುವುದೂ ಉಂಟು. ಅದಕ್ಕೇ ಸೈನಿಕರು ಮೊದಲು ಹೋಗುವುದು ಅಧ್ಯಕ್ಷರ ಮನೆಗೆ, ಟಿವಿ ಕೇಂದ್ರಕ್ಕೆ, ವಿಮಾನ ನಿಲ್ದಾಣಕ್ಕೆ.

ಪಾಕಿಸ್ತಾನದಲ್ಲಿ 1999ರ ಅಕ್ಟೋಬರ್ 12ರಂದು ಆದದ್ದು ಇದೇ. ಪ್ರಧಾನಿ ನವಾಜ್ ಷರೀಫ್ ಸೇನಾ ಮುಖ್ಯಸ್ಥ ಮುಷರಫ್ ಅವರನ್ನು ಕೆಲಸದಿಂದ ತೆಗೆದರು. ಆಗ ಮುಷರಫ್ ಕೊಲಂಬೊದಿಂದ ಕರಾಚಿಗೆ ಬರುವ ವಿಮಾನದಲ್ಲಿದ್ದರು. ವಿಮಾನ ಇಳಿಯಲು ಬಿಡಬೇಡಿ ಎಂಬ ಆದೇಶ ಹೋಯಿತು. ಅಷ್ಟರಲ್ಲಿ ಸೈನಿಕರು ನಿಲ್ದಾಣವನ್ನೂ ಟಿವಿ ಕೇಂದ್ರವನ್ನೂ ವಶಕ್ಕೆ ತೆಗೆದುಕೊಂಡರು. ವಿಮಾನ ಇಳಿಯುವ ಹೊತ್ತಿಗೆ ಸರ್ಕಾರ ಬದಲಾಗಿತ್ತು. ರಕ್ತಪಾತ ಆಗಲಿಲ್ಲ, ಹಾಗಾಗಿ ಇಂಗ್ಲಿಷ್‌ನಲ್ಲಿ ಇದನ್ನು 'ಬ್ಲಡ್‌ಲೆಸ್ ಕೂ' ಎನ್ನುತ್ತಾರೆ.

ಅಧಿಪತಿಯ ಸುತ್ತಮುತ್ತಲಿನವರೇ ತಿರುಗಿಬಿದ್ದರೆ ಅದು 'ಪ್ಯಾಲೇಸ್ ಕೂ'. ನೈಜರ್‌ನಲ್ಲಿ 2023ರ ಜುಲೈ 26ರಂದು ಅಧ್ಯಕ್ಷ ಬಜೂಮ್ ಅವರನ್ನು ಹಿಡಿದಿಟ್ಟವರು ಅವರನ್ನು ಕಾಯಬೇಕಿದ್ದ ಕಾವಲು ಪಡೆಯವರೇ. ಯತ್ನ ವಿಫಲವಾದರೆ 'ಕೂ' ಪದಕ್ಕೆ ಮೊದಲು 'ಅಟೆಂಪ್ಟೆಡ್', 'ಫೇಲ್ಡ್', 'ಫಾಯಿಲ್ಡ್' ಸೇರುತ್ತವೆ. ಟರ್ಕಿಯಲ್ಲಿ 2016ರ ಜುಲೈ 15ರ ರಾತ್ರಿ ಸೈನಿಕರು ಸರ್ಕಾರಿ ಟಿವಿಯಲ್ಲಿ ತಮ್ಮ ಹೇಳಿಕೆ ಓದಿಸಿದರು. ಆದರೆ ಅಧ್ಯಕ್ಷ ಎರ್ಡೊಗಾನ್ ಮೊಬೈಲ್ ವಿಡಿಯೊ ಕರೆಯಲ್ಲಿ ಖಾಸಗಿ ಚಾನೆಲ್‌ಗೆ ಬಂದು, ಬೀದಿಗಿಳಿಯಿರಿ ಎಂದು ಜನರನ್ನು ಕರೆದರು. ಸೈನಿಕರ ಲೆಕ್ಕಾಚಾರ ಅಲ್ಲೇ ತಪ್ಪಿತು.

ಈಗ ನೇಪಾಳ, ಮಡಗಾಸ್ಕರ್ ಪ್ರಶ್ನೆಗೆ ಮರಳೋಣ. ನೇಪಾಳದಲ್ಲಿ ಸಾಮಾಜಿಕ ಜಾಲತಾಣಗಳ ನಿಷೇಧದಿಂದ ಶುರುವಾದ ಸಿಟ್ಟು ಭ್ರಷ್ಟಾಚಾರದ ವಿರುದ್ಧ ತಿರುಗಿತು. ಸೆಪ್ಟೆಂಬರ್ 9ರಂದು ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಸೇನೆ ರಸ್ತೆಗಿಳಿಯಿತು, ಮಾತುಕತೆಯಲ್ಲೂ ಇತ್ತು. ಆದರೆ ಕುರ್ಚಿಯಲ್ಲಿ ಕೂತದ್ದು ಹಿಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಶೀಲಾ ಕಾರ್ಕಿ. ಹಾಗಾಗಿ ಅಪ್‌ರೈಸಿಂಗ್, ಅಂದರೆ ಜನರ ದಂಗೆ. ಮಡಗಾಸ್ಕರ್‌ನಲ್ಲಿ ನೀರು, ಕರೆಂಟ್ ಇಲ್ಲ ಎಂಬ ಪ್ರತಿಭಟನೆ ಶುರುವಾಯಿತು. ಕ್ಯಾಪ್ಸಾಟ್ ಎಂಬ ಸೇನಾ ತುಕಡಿ ಜನರ ಪಕ್ಷ ಸೇರಿತು. ಕೊನೆಗೆ ಅಧ್ಯಕ್ಷರಾಗಿ ಪ್ರಮಾಣವಚನ ಮಾಡಿದ್ದು ಅದೇ ತುಕಡಿಯ ಕರ್ನಲ್ ರಾಂಡ್ರಿಯಾನಿರಿನಾ. ಅವರು 'ಇದು ಕೂ ಅಲ್ಲ' ಎಂದರು. ಆಫ್ರಿಕಾದ ದೇಶಗಳ ಒಕ್ಕೂಟವಾದ ಆಫ್ರಿಕನ್ ಯೂನಿಯನ್ ಒಪ್ಪಲಿಲ್ಲ, ದೇಶದ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಇನ್ನೊಂದು ವಿಚಿತ್ರ ಏನೆಂದರೆ, ಕೆಳಗಿಳಿದ ಅಧ್ಯಕ್ಷ ರಾಜೋಲಿನಾ 2009ರಲ್ಲಿ ಮೇಲೇರಿದ್ದೂ ಅದೇ ಕ್ಯಾಪ್ಸಾಟ್ ಬೆಂಬಲದಿಂದ.

## ಸಂಘದ ಆಫೀಸಿನ ಬೀಗ

ಹತ್ತಿರದ ಕೆಲವು ಪದಗಳನ್ನು ಬಿಡಿಸಲು ಒಂದು ಕನ್ನಡ ಸಂಘವನ್ನು ಊಹಿಸಿಕೊಳ್ಳಿ. ಯಾವ ಊರಿನ ಸಂಘ ಎಂದು ಕೇಳಬೇಡಿ. ಒಂದು ರಾತ್ರಿ ಕಾವಲುಗಾರರೇ ಅಧ್ಯಕ್ಷರನ್ನು ಹೊರಗೆ ಹಾಕಿ, ಆಫೀಸಿಗೆ ಬೀಗ ಜಡಿದು, ಇನ್ನು ಸಂಘ ನಮ್ಮದು ಅಂದರೆ ಅದು ಕೂ. ಸದಸ್ಯರೆಲ್ಲ ಗೇಟಿನ ಮುಂದೆ ಸೇರಿ ಕೂಗಾಡಿ, ಅಧ್ಯಕ್ಷರು ಹಿಂಬಾಗಿಲಿಂದ ಹೋಗಿಬಿಟ್ಟರೆ ಅಪ್‌ರೈಸಿಂಗ್. ಬೈಲಾ ಪ್ರಕಾರ ಸಭೆ ಕರೆದು, ಆರೋಪ ಓದಿ, ಮತ ಹಾಕಿ ಇಳಿಸಿದರೆ 'ಇಂಪೀಚ್‌ಮೆಂಟ್'. ಕಾವಲುಗಾರರು ಸಂಬಳ ಬಂದಿಲ್ಲ ಎಂದು ಕೆಲಸ ನಿಲ್ಲಿಸಿ ಮೇಲಿನವರ ಮಾತು ಕೇಳದಿದ್ದರೆ 'ಮ್ಯೂಟಿನಿ'. ಅವರಿಗೆ ಸಂಘ ಬೇಡ, ಸಂಬಳ ಬೇಕು.

ಇನ್ನು ಅಧ್ಯಕ್ಷರೇ ಆಫೀಸಿಗೆ ಬೀಗ ಹಾಕಿ, ಕಮಿಟಿ ವಜಾ, ಚುನಾವಣೆ ಇಲ್ಲ, ನಾನೇ ಮುಂದುವರಿಯುತ್ತೇನೆ ಎಂದರೆ? ಅದು 'ಸೆಲ್ಫ್ ಕೂ'. ಪೆರುವಿನಲ್ಲಿ 1992ರ ಏಪ್ರಿಲ್ 5ರಂದು ಅಧ್ಯಕ್ಷ ಫುಜಿಮೊರಿ ಸೇನೆಯ ಬೆಂಬಲದಿಂದ ಸಂಸತ್ತನ್ನೇ ಮುಚ್ಚಿಸಿದರು. ಸ್ಪ್ಯಾನಿಷ್‌ನ 'ಆಟೊಗೋಲ್ಪೆ' ಪದ ಆಗ ಜಗತ್ತಿಗೆಲ್ಲ ಪರಿಚಯವಾಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ 2024ರ ಡಿಸೆಂಬರ್ 3ರ ರಾತ್ರಿ ಸೇನಾಡಳಿತ ಘೋಷಿಸಿದಾಗಲೂ ಅನೇಕರು ಬಳಸಿದ್ದು ಇದೇ ಪದ. ಅಲ್ಲಿ ಸಂಸದರು ಸೈನಿಕರ ಕಣ್ಣೆದುರೇ ಒಳನುಗ್ಗಿ, ಕೆಲವರು ಬೇಲಿ ಹಾರಿ, 190 ಮತಗಳಿಂದ ಅದನ್ನು ರದ್ದು ಮಾಡಿದರು. ವಿರುದ್ಧ ಒಂದೂ ಮತ ಬೀಳಲಿಲ್ಲ. ಮುಂದೆ ಇಂಪೀಚ್‌ಮೆಂಟ್ ಆಗಿ, 2025ರ ಏಪ್ರಿಲ್ 4ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅವರನ್ನು ಹುದ್ದೆಯಿಂದ ತೆಗೆಯಿತು.

## ಮುಂಬೈ 1946: ಒಂದು ಘಟನೆ, ಮೂರು ಹೆಸರು

1946ರ ಫೆಬ್ರವರಿ 18ರಂದು ಮುಂಬೈನ ಕೊಲಾಬಾದಲ್ಲಿ, 'ತಲ್ವಾರ್' ಎಂಬ ನೌಕಾ ತರಬೇತಿ ಕೇಂದ್ರದಲ್ಲಿ, ನಾವಿಕರು ಊಟ ಬಿಟ್ಟರು. ಅನ್ನ ಬೇಳೆ ತಿನ್ನುವಂತಿರಲಿಲ್ಲ, ಬ್ರಿಟಿಷ್ ಅಧಿಕಾರಿಗಳ ಬೈಗುಳ ಕೇಳುವಂತಿರಲಿಲ್ಲ. ಬಿಸಿ ಹಡಗಿನಿಂದ ಹಡಗಿಗೆ ಹಬ್ಬಿ ಕರಾಚಿ ತನಕ ಹೋಯಿತು. ಸರ್ದಾರ್ ಪಟೇಲರ ಮಾತಿನ ಮೇಲೆ ಫೆಬ್ರವರಿ 23ಕ್ಕೆ ನಾವಿಕರು ಶರಣಾದರು.

ಬ್ರಿಟಿಷ್ ದಾಖಲೆಗಳಲ್ಲಿ ಇದು 'ಮ್ಯೂಟಿನಿ', ಅಂದರೆ ಶಿಸ್ತು ಮುರಿದ ಅಪರಾಧ. ನಾವಿಕರು ಕಟ್ಟಿಕೊಂಡ ಸಮಿತಿಯ ಹೆಸರಲ್ಲಿದ್ದದ್ದು 'ಸ್ಟ್ರೈಕ್'. ನಾವು ಮುಷ್ಕರ ಮಾಡುತ್ತಿದ್ದೇವೆ, ಹಕ್ಕು ಕೇಳುತ್ತಿದ್ದೇವೆ ಎಂಬ ದನಿ ಅದರಲ್ಲಿದೆ. ಸ್ವತಂತ್ರ ಭಾರತ ಕೊಟ್ಟ ಹೆಸರು 'ನೇವಲ್ ಅಪ್‌ರೈಸಿಂಗ್'. ಘಟನೆ ಅದೇ, ಹೆಸರಿಟ್ಟವರ ಕಣ್ಣು ಬೇರೆ. ಈ ವಿಷಯದ ಇಂಗ್ಲಿಷ್ ಪದಗಳಲ್ಲಿ ತಟಸ್ಥ ಪದ ಸಿಗುವುದು ಕಷ್ಟ. 'ರೆಬೆಲ್' ಎಂದವನು ಒಂದು ಕಡೆ ನಿಂತು ಹೇಳುತ್ತಾನೆ, 'ಫ್ರೀಡಂ ಫೈಟರ್' ಎಂದವನು ಇನ್ನೊಂದು ಕಡೆ ನಿಂತು.

## ಲಿಸ್ಬನ್ 1974: ಕೂ ಹೋಗಿ ಕ್ರಾಂತಿಯಾದ ಬಗೆ

ಕೂ ಮತ್ತು 'ರೆವಲ್ಯೂಷನ್' ನಡುವಿನ ಗಡಿ ತಿಳಿಯಲು ಗೋವಾದ ಹಳೆಯ ದೊರೆಗಳ ಊರಿಗೆ ಹೋಗಬೇಕು. ಪೋರ್ಚುಗಲ್ ದಶಕಗಟ್ಟಲೆ ಸರ್ವಾಧಿಕಾರದಲ್ಲಿತ್ತು. ಮೊದಲು ಸಲಜಾರ್, 1968ರ ನಂತರ ಕೈತಾನೊ. ಅಂಗೋಲಾ, ಮೊಜಾಂಬಿಕ್, ಗಿನಿ ಬಿಸಾವು ವಸಾಹತುಗಳಲ್ಲಿ ಯುದ್ಧ ಮುಗಿಯುವ ಲಕ್ಷಣವೇ ಇರಲಿಲ್ಲ. ಆ ಯುದ್ಧದಿಂದ ಬೇಸತ್ತ ಕ್ಯಾಪ್ಟನ್, ಮೇಜರ್ ದರ್ಜೆಯ ಅಧಿಕಾರಿಗಳು ಗುಟ್ಟಾಗಿ ಒಂದಾದರು.

1974ರ ಏಪ್ರಿಲ್ 24ರ ರಾತ್ರಿ ರೇಡಿಯೊದಲ್ಲಿ ಒಂದು ಹಾಡು ಬಂತು. ಸಿದ್ಧರಾಗಿ ಎಂಬ ಸೂಚನೆ ಅದು. ಮಧ್ಯರಾತ್ರಿ ಕಳೆದ ಮೇಲೆ ಇನ್ನೊಂದು ಹಾಡು ಬಂತು. ಹೊರಡಿ ಎಂದರ್ಥ. ಬೆಳಗಾಗುವ ಹೊತ್ತಿಗೆ ಟ್ಯಾಂಕುಗಳು ಲಿಸ್ಬನ್ ಬೀದಿಯಲ್ಲಿದ್ದವು. ಇಲ್ಲಿಯವರೆಗೆ ಎಲ್ಲವೂ ಪಕ್ಕಾ ಕೂ. ಮನೆಯಲ್ಲೇ ಇರಿ ಎಂದು ಸೈನಿಕರು ರೇಡಿಯೊದಲ್ಲಿ ಮತ್ತೆ ಮತ್ತೆ ಹೇಳಿದರು. ಜನ ಕೇಳಲಿಲ್ಲ. ಬೀದಿ ತುಂಬಿತು. ಯಾರೋ ಕೆಂಪು ಕಾರ್ನೇಶನ್ ಹೂಗಳನ್ನು ಸೈನಿಕರ ಬಂದೂಕಿನ ನಳಿಗೆಗೆ ಸಿಕ್ಕಿಸಿದರು. ಕಾರ್ಮೊ ಎಂಬ ಬ್ಯಾರಕ್ಸಿನಲ್ಲಿ ಅಡಗಿದ್ದ ಕೈತಾನೊ, ಅಧಿಕಾರ ಬೀದಿಪಾಲಾಗಬಾರದು ಎಂದು ಜನರಲ್ ಸ್ಪಿನೊಲಾ ಕೈಗೆ ಒಪ್ಪಿಸಿ ಹೊರಟರು. ಗುಪ್ತ ಪೊಲೀಸರ ಗುಂಡಿಗೆ ಆ ದಿನ ನಾಲ್ವರು ಸತ್ತರು.

ಸೈನಿಕರು ಸರ್ಕಾರ ಬದಲಿಸಿ ಸುಮ್ಮನಾಗಿದ್ದರೆ ಇದು ಕೂ ಆಗಿಯೇ ಉಳಿಯುತ್ತಿತ್ತು. ಆದರೆ ಸರಿಯಾಗಿ ಒಂದು ವರ್ಷಕ್ಕೆ, 1975ರ ಏಪ್ರಿಲ್ 25ರಂದು, ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. 1976ರಲ್ಲಿ ಹೊಸ ಸಂವಿಧಾನ ಬಂತು. ವಸಾಹತುಗಳು ಸ್ವತಂತ್ರವಾದವು. ಆಳುವವರಷ್ಟೇ ಅಲ್ಲ, ಆಳುವ ಪದ್ಧತಿಯೇ ಬದಲಾದ್ದರಿಂದ ಅದಕ್ಕೆ 'ಕಾರ್ನೇಶನ್ ರೆವಲ್ಯೂಷನ್' ಎಂಬ ಹೆಸರು ನಿಂತಿತು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದೂ ಇದಾದ ಮೇಲೆಯೇ, 1974ರ ಡಿಸೆಂಬರ್ 31ರಂದು. ಅಲ್ಲಿಯವರೆಗೆ ಅವರ ಲೆಕ್ಕದಲ್ಲಿ ಗೋವಾ ಇನ್ನೂ ಪೋರ್ಚುಗಲ್‌ನ ಭಾಗ!

## ಜುಂಟಾ, ರೆಜೀಮ್, ಮಾರ್ಷಲ್ ಲಾ

ಅಧಿಕಾರ ಹಿಡಿದ ಸೇನಾಧಿಕಾರಿಗಳ ಗುಂಪಿಗೆ 'ಜುಂಟಾ' ಎನ್ನುತ್ತಾರೆ. ಸ್ಪ್ಯಾನಿಷ್ ಪದವಾದ್ದರಿಂದ ಕೆಲವರು 'ಹುಂಟಾ' ಎಂದೂ ಓದುತ್ತಾರೆ, ಎರಡೂ ನಡೆಯುತ್ತದೆ. ಮೂಲದಲ್ಲಿ ಇದು ಬೈಗುಳವಲ್ಲ, ಸಮಿತಿ ಎಂದಷ್ಟೇ ಅರ್ಥ. ಪೋರ್ಚುಗಲ್‌ನಲ್ಲಿ ಇವತ್ತಿಗೂ ನಮ್ಮ ಪಂಚಾಯಿತಿಯಂಥ ಸ್ಥಳೀಯ ಆಡಳಿತಕ್ಕೆ ಜುಂಟಾ ಎಂದೇ ಹೆಸರು. ಇಂಗ್ಲಿಷಿಗೆ ಬಂದ ಮೇಲೆ ಅದರ ಮುಖ ಬದಲಾಯಿತು. 'ರೆಜೀಮ್' ಎಂದರೂ ಹಾಗೇ. ಪತ್ರಿಕೆಯೊಂದು ಒಂದು ದೇಶದ ಆಡಳಿತವನ್ನು 'ಗವರ್ನ್‌ಮೆಂಟ್' ಎನ್ನದೆ 'ರೆಜೀಮ್' ಎಂದರೆ, ಅದಕ್ಕೆ ಆ ಆಡಳಿತ ಸೇರುವುದಿಲ್ಲ ಎಂದು ತಿಳಿಯಬಹುದು.

'ಎಮರ್ಜೆನ್ಸಿ' ಮತ್ತು 'ಮಾರ್ಷಲ್ ಲಾ' ಒಂದೇ ಎಂದುಕೊಳ್ಳುವವರು ಬಹಳ. ಅಲ್ಲ. 1975ರ ಜೂನ್ 25ರಂದು ನಮ್ಮಲ್ಲಿ ಘೋಷಿಸಿದ್ದು ತುರ್ತು ಪರಿಸ್ಥಿತಿ. ಸಂವಿಧಾನದ 352ನೇ ವಿಧಿಯಲ್ಲೇ ಅದಕ್ಕೆ ಜಾಗ ಇತ್ತು. ಹಕ್ಕುಗಳು ಹೋದವು, ನಾಯಕರು ಜೈಲು ಸೇರಿದರು, ಆದರೆ ಆಳಿದ್ದು ಚುನಾಯಿತ ಪ್ರಧಾನಿಯೇ, ಸೇನೆಯಲ್ಲ. ಮಾರ್ಷಲ್ ಲಾ ಎಂದರೆ ಪೊಲೀಸರ, ಅಧಿಕಾರಿಗಳ ಕೆಲಸವನ್ನು ಸೇನೆಯೇ ವಹಿಸಿಕೊಳ್ಳುವುದು. 1930ರ ಮೇ ತಿಂಗಳಲ್ಲಿ ಸೋಲಾಪುರದಲ್ಲಿ ಬ್ರಿಟಿಷರು ಹೇರಿದ್ದು ಅದನ್ನು. ಆ ಹೊತ್ತಿನ ಪ್ರಕರಣದಲ್ಲಿ ಮಲ್ಲಪ್ಪ ಧನಶೆಟ್ಟಿ ಸೇರಿ ನಾಲ್ವರನ್ನು 1931ರ ಜನವರಿ 12ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು.

ಮಾರ್ಷಲ್ ಲಾ ಬಂದ ಕೂಡಲೇ ಕೂ ಆಯಿತು ಎಂದೂ ಅಲ್ಲ. ಥಾಯ್ಲೆಂಡ್‌ನಲ್ಲಿ 2014ರ ಮೇ 20ರಂದು ಸೇನೆ ಮಾರ್ಷಲ್ ಲಾ ಘೋಷಿಸಿ, ಗಾಬರಿ ಬೇಡ, ಇದು ಕೂ ಅಲ್ಲ ಎಂದಿತು. ಎರಡೇ ದಿನ. ಮೇ 22ಕ್ಕೆ ಅದೇ ಸೇನೆ ಅಧಿಕಾರವನ್ನೇ ತೆಗೆದುಕೊಂಡಿತು.

## ಹೆಸರಿನ ಹಿಂದೆ ದುಡ್ಡು

ಒಂದು ಪದಕ್ಕೆ ಇಷ್ಟೆಲ್ಲ ಜಗಳ ಯಾಕೆ ಅನ್ನಿಸಬಹುದು. ಕಾರಣ ದುಡ್ಡು. ಚುನಾಯಿತ ನಾಯಕರನ್ನು ಸೇನೆ ಕೂ ಮಾಡಿ ಇಳಿಸಿದರೆ ಆ ಸರ್ಕಾರಕ್ಕೆ ಕೊಡುವ ನೆರವಿನ ಬಹುಭಾಗ ನಿಲ್ಲಬೇಕು ಎಂದು ಅಮೆರಿಕದ ಕಾನೂನು ಹೇಳುತ್ತದೆ. 2013ರ ಜುಲೈ 3ರಂದು ಈಜಿಪ್ಟಿನ ಸೇನೆ ಚುನಾಯಿತ ಅಧ್ಯಕ್ಷ ಮೊರ್ಸಿ ಅವರನ್ನು ಇಳಿಸಿತು. ಅಮೆರಿಕ ಆ ದೇಶಕ್ಕೆ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಸೇನಾ ನೆರವು ಕೊಡುತ್ತಿತ್ತು. ವಾಷಿಂಗ್ಟನ್ ಅಧಿಕಾರಿಗಳು ಏನೇನೋ ಹೇಳಿದರು, 'ಕೂ' ಎಂದು ಮಾತ್ರ ಹೇಳಲಿಲ್ಲ. ನೈಜರ್ ವಿಷಯದಲ್ಲೂ ಜುಲೈನಲ್ಲಿ ಆದದ್ದನ್ನು ಅಧಿಕೃತವಾಗಿ ಕೂ ಎಂದು ಕರೆದದ್ದು ಅಕ್ಟೋಬರ್‌ನಲ್ಲಿ. ಅಷ್ಟು ದಿನ ಕೂ ಎಂದು ಗೊತ್ತಾಗಲಿಲ್ಲವೇ? ಗೊತ್ತಿತ್ತು, ಹೇಳಿದರೆ ನೆರವು ನಿಲ್ಲಿಸಬೇಕಿತ್ತು.

ಮಾಡಿದವರಿಗೂ ಆ ಪದ ಬೇಡ. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರಂದು ಆಂಗ್ ಸಾನ್ ಸೂಕಿ ಅವರನ್ನು ಬಂಧಿಸಿದ ಸೇನೆ, ಇದು ಸಂವಿಧಾನದ ಪ್ರಕಾರ ಹೇರಿದ ಎಮರ್ಜೆನ್ಸಿ ಎಂದು ವಾದಿಸಿತು. ಸರ್ಕಾರವನ್ನು ಕೂ, ರೆಜೀಮ್ ಎಂಬ ಪದಗಳಿಂದ ಕರೆಯಬೇಡಿ ಎಂದು ಪತ್ರಿಕೆಗಳಿಗೆ ಎಚ್ಚರಿಕೆಯನ್ನೂ ಕೊಟ್ಟಿತು.

ಕ್ರಿಯಾಪದಗಳಲ್ಲೂ ಇದೇ ಆಟ. ಸೇನೆ ತನ್ನ ಬಗ್ಗೆ ಹೇಳಿಕೊಳ್ಳುವಾಗ 'ಅಸ್ಯೂಮ್' ಮಾಡಿದೆವು ಎನ್ನುತ್ತದೆ, ಜವಾಬ್ದಾರಿ ಹೊತ್ತೆವು ಎಂಬಂತೆ. ಎದುರಿನವರು 'ಸೀಜ್' ಎನ್ನುತ್ತಾರೆ, ಕಸಿದುಕೊಂಡರು ಎಂದು. ನಾಯಕ 'ಸ್ಟೆಪ್ಡ್ ಡೌನ್' ಎಂದರೆ ತಾನೇ ಇಳಿದ. 'ಔಸ್ಟೆಡ್', 'ಟಾಪಲ್ಡ್', 'ಡಿಪೋಸ್ಡ್' ಎಂದರೆ ಇಳಿಸಿದರು. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಭಾರತಕ್ಕೆ ಬಂದರು. ಅವರು ರಾಜೀನಾಮೆ ಕೊಟ್ಟಿದ್ದಾರೆ ಎಂದು ಸೇನಾ ಮುಖ್ಯಸ್ಥರು ಘೋಷಿಸಿದರು. ಮರುದಿನದ ತಲೆಬರಹಗಳಲ್ಲಿ 'ರಿಸೈನ್ಸ್', 'ಫ್ಲೀಸ್', 'ಔಸ್ಟೆಡ್' ಮೂರೂ ಇದ್ದವು.

## ಆಮೇಲೇನು?

ಸರ್ಕಾರ ಬಿದ್ದ ಮೇಲಿನ ನಡುಗಾಲಕ್ಕೆ 'ಟ್ರಾನ್ಸಿಶನ್' ಎನ್ನುತ್ತಾರೆ. ಇಲ್ಲಿ ಮೂರು ಪದ ಗೊಂದಲ ಮಾಡುತ್ತವೆ. 'ಕೇರ್‌ಟೇಕರ್' ಸರ್ಕಾರ ಹೊಸಬರು ಬರುವವರೆಗೆ ದಿನನಿತ್ಯದ ಕೆಲಸ ನೋಡಿಕೊಳ್ಳುತ್ತದೆ, ದೊಡ್ಡ ನಿರ್ಧಾರಗಳಿಗೆ ಕೈ ಹಾಕುವುದಿಲ್ಲ. ನಮ್ಮಲ್ಲಿ ಉಸ್ತುವಾರಿ ಸರ್ಕಾರ ಎನ್ನುವುದು ಇದನ್ನೇ. 'ಇಂಟೆರಿಮ್' ಎಂದರೆ ಮಧ್ಯಂತರ. ಬಾಂಗ್ಲಾದೇಶದಲ್ಲಿ ಯೂನಸ್, ನೇಪಾಳದಲ್ಲಿ ಕಾರ್ಕಿ ನಡೆಸಿದ್ದು ಇಂಥದ್ದು. 'ಟ್ರಾನ್ಸಿಶನಲ್' ಸರ್ಕಾರದ ಕೆಲಸ ಇನ್ನೂ ದೊಡ್ಡದು. ಸಂವಿಧಾನ, ಕಾನೂನು ಬದಲಿಸಿ ಹೊಸ ವ್ಯವಸ್ಥೆಗೆ ದಾರಿ ಮಾಡಬೇಕು. ಯಾವಾಗ ಏನಾಗಬೇಕು ಎಂಬ ಪಟ್ಟಿಗೆ 'ರೋಡ್‌ಮ್ಯಾಪ್', ಚುನಾಯಿತರ ಕೈಗೆ ಕೊಡುವುದಕ್ಕೆ 'ಹ್ಯಾಂಡೋವರ್'.

ದಿನಾಂಕ ಹೇಳಿದ ಮಾತ್ರಕ್ಕೆ ನಂಬಬೇಕೆಂದಿಲ್ಲ. 1977ರ ಜುಲೈ 5ರಂದು ಅಧಿಕಾರ ಹಿಡಿದ ಪಾಕಿಸ್ತಾನದ ಜಿಯಾ ಉಲ್ ಹಕ್ 90 ದಿನದಲ್ಲಿ ಚುನಾವಣೆ ಎಂದಿದ್ದರು. 1985ರಲ್ಲಿ ಪಕ್ಷಗಳಿಲ್ಲದ ಒಂದು ಚುನಾವಣೆ ಮಾಡಿಸಿದರು. ಪಕ್ಷಗಳು ಸೇರಿದ ಚುನಾವಣೆ ಆಗಿದ್ದು 1988ರಲ್ಲಿ, ಅವರು ವಿಮಾನ ದುರಂತದಲ್ಲಿ ತೀರಿಕೊಂಡ ಮೇಲೆ.

ಸೇನೆಯಿಂದ ಚುನಾಯಿತರ ಕೈಗೆ ಬೇಗ ಹೋದ ಉದಾಹರಣೆ ಬೇಕಾದರೆ ಗೋವಾ ಇದೆ. 1961ರ ಡಿಸೆಂಬರ್ 18ರಂದು ಭಾರತೀಯ ಸೇನೆ ಒಳಬಂತು, 19ರ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವ ಶರಣಾದರು. ನಮಗೆ ಅದು 'ಲಿಬರೇಶನ್', ಪೋರ್ಚುಗಲ್‌ಗೆ 'ಇನ್ವೇಶನ್'. ಕಾನೂನಿನ ಪ್ರಶ್ನೆ ಬಂದಾಗ ನಮ್ಮ ಸುಪ್ರೀಂ ಕೋರ್ಟ್ ಬಳಸಿದ್ದು 'ಅನೆಕ್ಸೇಶನ್', ಅಂದರೆ ಸೇರಿಸಿಕೊಳ್ಳುವುದು. ಮೊದಲು ಮೇಜರ್ ಜನರಲ್ ಕ್ಯಾಂಡೆತ್ ಮಿಲಿಟರಿ ಗವರ್ನರ್ ಆದರು. 1962ರ ಜೂನ್‌ನಲ್ಲಿ ಅದು ಮುಗಿದು 'ಸಿವಿಲಿಯನ್ ರೂಲ್' ಬಂತು. 1963ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದು ದಯಾನಂದ ಬಾಂದೋಡ್ಕರ್ ಮುಖ್ಯಮಂತ್ರಿಯಾದರು.

ಮಹಾರಾಷ್ಟ್ರಕ್ಕೆ ಸೇರಬೇಕೋ, ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾಗಿರಬೇಕೋ ಎಂಬುದು ಉಳಿದಿತ್ತು. 1967ರ ಜನವರಿ 16ರಂದು ಜನರನ್ನೇ ಕೇಳಿದರು. ವಿಲೀನಕ್ಕೆ ಹೂವಿನ ಗುರುತು, ಬೇರೆ ಇರಲು ಎರಡು ಎಲೆಯ ಗುರುತು. ಎರಡು ಎಲೆ 34,021 ಮತಗಳಿಂದ ಗೆದ್ದಿತು. ಇಂಥ ಮತದಾನಕ್ಕೆ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ 'ರೆಫರೆಂಡಮ್' ಎನ್ನುತ್ತಾರೆ. ಆದರೆ ಅಂದಿನ ಕಾಯ್ದೆ 'ಒಪೀನಿಯನ್ ಪೋಲ್' ಎಂದಿತು, ಗೋವಾದಲ್ಲಿ ಇವತ್ತಿಗೂ ಹಾಗೇ ಕರೆಯುತ್ತಾರೆ. ಬೇರೆ ಊರಿನ ಪತ್ರಿಕೆಯಲ್ಲಿ ಇದೇ ಪದ ಕಂಡರೆ ಅದು ಬರೀ ಸಮೀಕ್ಷೆ. ಅದಕ್ಕೆ ಯಾವ ಸರ್ಕಾರವೂ ಬದ್ಧವಲ್ಲ.